ಹಾಡಲು ಬಿಡದ ಜಾಗದಲ್ಲಿ ಗುಡಿ ಕಟ್ಟಿದಾಕೆ

ಪುಷ್ಯ ಬಹುಳ ಪಂಚಮಿಯ ಬೆಳಿಗ್ಗೆ ಮೊಬೈಲ್ ತೆರೆದರೆ ತಿರುವೈಯಾರಿನ ತ್ಯಾಗರಾಜ ಆರಾಧನೆ ನೇರಪ್ರಸಾರದಲ್ಲಿ ಸಿಗುತ್ತದೆ. ಕಾವೇರಿ ದಂಡೆಯ ಚಪ್ಪರದಲ್ಲಿ ನೂರಾರು ಕಲಾವಿದರು ನೆಲದ ಮೇಲೆ ಕುಳಿತು ಪಂಚರತ್ನ ಕೃತಿಗಳನ್ನು ಒಟ್ಟಾಗಿ ಹಾಡುತ್ತಾರೆ. ನಾಟ, ಗೌಳ, ಆರಭಿ, ವರಾಳಿ, ಕೊನೆಗೆ ಶ್ರೀರಾಗ. ಒಬ್ಬನೇ ವಾಗ್ಗೇಯಕಾರನಿಗಾಗಿ ಇಷ್ಟು ಜನ ಸೇರುವ ಹಬ್ಬ ನಮ್ಮಲ್ಲಿ ಬೇರೆ ಇಲ್ಲವೇನೋ. ಕೋವಿಡ್ ವರ್ಷಗಳಲ್ಲಂತೂ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ 1978ರಿಂದ ನಡೆಯುತ್ತಿರುವ ತ್ಯಾಗರಾಜ ಉತ್ಸವವೂ ಆನ್‌ಲೈನ್‌ಗೆ ಬಂತು. ಟಿಕೆಟ್ ಇಲ್ಲ, ಪ್ರಯಾಣ ಇಲ್ಲ. ಪಿಜಿ ಕೋಣೆಯಲ್ಲಿ ಪರೀಕ್ಷೆಯ ಪುಸ್ತಕ ಎದುರಿಗಿಟ್ಟುಕೊಂಡು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನಾನೂ ಕೇಳಿದೆ.

ಕೇಳುತ್ತಾ ಇದ್ದಾಗ ಕಣ್ಣಿಗೆ ಬಿದ್ದದ್ದು ಸಾಲು ಸಾಲಾಗಿ ಕುಳಿತು ಹಾಡುತ್ತಿದ್ದ ಮಹಿಳೆಯರು. ಅದರಲ್ಲೇನು ವಿಶೇಷ ಎಂದು ನೀವು ಕೇಳಬಹುದು. ಸುಮಾರು ನೂರು ವರ್ಷಗಳ ಹಿಂದೆ ಅದೇ ಜಾಗದಲ್ಲಿ ಹೆಣ್ಣುಮಕ್ಕಳು ಹಾಡುವಂತಿರಲಿಲ್ಲ. ಆ ಬಾಗಿಲು ತೆರೆಸಿದವರು ನಮ್ಮ ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ.

ನಾಗರತ್ನಮ್ಮ ಹುಟ್ಟಿದ್ದು 1878ರಲ್ಲಿ. ತಾಯಿ ಪುಟ್ಟಲಕ್ಷ್ಮಮ್ಮ ದೇವದಾಸಿ ಮನೆತನದವರು. ತಂದೆ ವಕೀಲರು, ಆದರೆ ತಾಯಿ ಮಗಳನ್ನು ಕೈಬಿಟ್ಟರು. ತಾಯಿ ಮಗುವನ್ನು ಕರೆದುಕೊಂಡು ಮೈಸೂರಿಗೆ ಬಂದರು. ಅಲ್ಲಿ ಆಸ್ಥಾನದ ವಿದ್ವಾಂಸರೊಬ್ಬರು ಹುಡುಗಿಗೆ ಸಂಸ್ಕೃತ, ಸಂಗೀತ ಹೇಳಿಕೊಟ್ಟರು. ಕೆಲವೇ ವರ್ಷಗಳಲ್ಲಿ ಅವರೂ ಮುನಿಸಿಕೊಂಡು ಪಾಠ ನಿಲ್ಲಿಸಿದರು. ಮಗಳು ವಿದ್ಯಾವಂತೆಯಾದ ಮೇಲೆಯೇ ಮೈಸೂರಿಗೆ ಕಾಲಿಡುವುದು ಎಂದು ತಾಯಿ ಹಟ ತೊಟ್ಟು ಊರು ಬಿಟ್ಟರಂತೆ.

ಬೆಂಗಳೂರಿನಲ್ಲಿ ಅವರಿಗೆ ನೆರವಾದವರು ಪಿಟೀಲು ವಿದ್ವಾಂಸರಾಗಿದ್ದ ಸೋದರಮಾವ. ಅಲ್ಲಿ ಸಿಕ್ಕ ಗುರು ಮುನಿಸ್ವಾಮಪ್ಪ, ತ್ಯಾಗರಾಜರ ಶಿಷ್ಯಪರಂಪರೆಗೆ ಸೇರಿದವರು. ತ್ಯಾಗರಾಜರು (1767–1847) ತಿರುವಾರೂರಿನಲ್ಲಿ ಹುಟ್ಟಿ ತಿರುವೈಯಾರಿನಲ್ಲಿ ಬಾಳಿ, ತೆಲುಗಿನಲ್ಲಿ ನೂರಾರು ಕೃತಿಗಳನ್ನು ರಚಿಸಿದವರು. ಅವು ಇಂದಿಗೂ ಉಳಿದಿರುವುದು ಶಿಷ್ಯರು ಬರೆದಿಟ್ಟುಕೊಂಡು, ತಮ್ಮ ಶಿಷ್ಯರಿಗೆ ಕಲಿಸಿದ್ದರಿಂದ. ಆ ದಾರಿಯಲ್ಲೇ ಅವು ನಾಗರತ್ನಮ್ಮನವರ ಕಂಠಕ್ಕೂ ಬಂದವು. ಹದಿಹರೆಯದಲ್ಲೇ ತಾಯಿಯನ್ನು ಕಳೆದುಕೊಂಡರೂ ಕಲಿಕೆ ನಿಲ್ಲಲಿಲ್ಲ. ಸಂಗೀತದ ಜೊತೆಗೆ ನೃತ್ಯವನ್ನೂ ಕಲಿತರು. ಕನ್ನಡ, ಸಂಸ್ಕೃತ, ತೆಲುಗುಗಳಲ್ಲಿ ಪಳಗಿದರು. ಮೈಸೂರು ಅರಮನೆಯಲ್ಲೂ ಹಾಡಿದರು. ತಾಯಿಯ ಹಟ ಗೆದ್ದಿತು.

ಮುಂದೆ ಅವರು ಮದರಾಸಿಗೆ ಹೋಗಿ ನೆಲೆಸಿದರು. ಊರೂರುಗಳಲ್ಲಿ ಕಛೇರಿ, ಗ್ರಾಮಫೋನ್ ತಟ್ಟೆಗಳು, ಕೈತುಂಬ ಸಂಪಾದನೆ. ಅಷ್ಟರಲ್ಲೇ ತೃಪ್ತರಾಗಿದ್ದರೆ ಅವರು ಹಳೆಯ ಕಾಲದ ಒಬ್ಬ ದೊಡ್ಡ ಗಾಯಕಿಯಾಗಿ ಮಾತ್ರ ಉಳಿಯುತ್ತಿದ್ದರು.

ಅವರಿಗೆ ಓದಿನ ಹುಚ್ಚೂ ಇತ್ತು. ಹದಿನೆಂಟನೇ ಶತಮಾನದಲ್ಲಿ ತಂಜಾವೂರು ಆಸ್ಥಾನದಲ್ಲಿದ್ದ ಮುದ್ದುಪಳನಿ ಎಂಬ ಕವಯಿತ್ರಿ ತೆಲುಗಿನಲ್ಲಿ ‘ರಾಧಿಕಾ ಸಾಂತ್ವನಮು’ ಎಂಬ ಶೃಂಗಾರ ಕಾವ್ಯ ಬರೆದಿದ್ದರು. ಅದರ ಹಿಂದಿನ ಮುದ್ರಣದಲ್ಲಿ ಕವಯಿತ್ರಿ ತನ್ನ ಬಗ್ಗೆ ಹೇಳಿಕೊಂಡ ಭಾಗವೇ ಇರಲಿಲ್ಲ, ಕೆಲವು ಪದ್ಯಗಳನ್ನೂ ಬಿಡಲಾಗಿತ್ತು. ನಾಗರತ್ನಮ್ಮ ಹಸ್ತಪ್ರತಿ ಹುಡುಕಿ ತರಿಸಿ, 1910ರಲ್ಲಿ ಇಡೀ ಕಾವ್ಯವನ್ನು ಅಚ್ಚು ಹಾಕಿಸಿದರು. ಕಾವ್ಯ ಅಶ್ಲೀಲ ಎಂದು ದೊಡ್ಡ ದೊಡ್ಡ ವಿದ್ವಾಂಸರೇ ಹರಿಹಾಯ್ದರು. ಗಂಡಸರು ಇದಕ್ಕಿಂತ ಹೆಚ್ಚಾಗಿ ಬರೆದಾಗ ಇಲ್ಲದ ನಾಚಿಕೆ ಹೆಂಗಸು ಬರೆದಾಗ ಮಾತ್ರ ಯಾಕೆ ಎನ್ನುವುದು ನಾಗರತ್ನಮ್ಮನವರ ವಾದವಾಗಿತ್ತು. ಬ್ರಿಟಿಷ್ ಸರ್ಕಾರ ಪುಸ್ತಕವನ್ನು ನಿಷೇಧಿಸಿತು. ದೇಶ ಸ್ವತಂತ್ರವಾಗುವ ಹೊತ್ತಿಗಷ್ಟೇ ಆ ನಿಷೇಧ ಹೋಯಿತು.

ಬದುಕಿನ ತಿರುವು ಬಂದದ್ದು 1921ರಲ್ಲಿ. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿ ಹಾಳುಬಿದ್ದಿದೆ ಎಂಬ ಸುದ್ದಿ ಮೈಸೂರಿನ ಬಿಡಾರಂ ಕೃಷ್ಣಪ್ಪನವರಿಂದ ಅವರಿಗೆ ತಿಳಿಯಿತು. ವಿಚಿತ್ರವೆಂದರೆ ಅಲ್ಲಿ ಆರಾಧನೆ ನಡೆಯುತ್ತಲೇ ಇತ್ತು. ಶಿಷ್ಯಪರಂಪರೆಯವರು ಜಗಳವಾಡಿಕೊಂಡು ದೊಡ್ಡ ಕಕ್ಷಿ, ಚಿಕ್ಕ ಕಕ್ಷಿ ಎಂದು ಎರಡು ಗುಂಪಾಗಿದ್ದರು. ಹಬ್ಬ ಯಾರದು ಎನ್ನುವ ಪೈಪೋಟಿಯಲ್ಲಿ ಸಮಾಧಿಗೆ ಒಂದು ಒಳ್ಳೆಯ ಗುಡಿಯಾಗಲಿ ಎಂಬುದು ಹಿಂದೆ ಬಿದ್ದಿತ್ತು.

ನಾಗರತ್ನಮ್ಮ ತಿರುವೈಯಾರಿಗೆ ಹೋದರು. ಸಮಾಧಿಯ ಸುತ್ತಲಿನ ಜಾಗವನ್ನು ಪಡೆದುಕೊಂಡರು. ಅದೇ ವರ್ಷ ಶಂಕುಸ್ಥಾಪನೆಯಾಯಿತು. ಹಾಡಿ ಗಳಿಸಿದ ಹಣ, ಮೈಮೇಲಿನ ಒಡವೆ ಎಲ್ಲವೂ ಕಲ್ಲು ಗಾರೆಗೆ ಹೋದವು. 1925ರ ಜನವರಿಯಲ್ಲಿ ಗುಡಿಯ ಕುಂಭಾಭಿಷೇಕ ನಡೆಯಿತು.

ಆರಾಧನೆಯಲ್ಲಿ ಹಾಡುವ ಅವಕಾಶ ಮಾತ್ರ ಅವರಿಗೆ ಸಿಗಲಿಲ್ಲ. ಎರಡೂ ಕಕ್ಷಿಗಳು ಬೇರೆಲ್ಲದರಲ್ಲೂ ಜಗಳವಾಡಿದರೂ ಹೆಂಗಸರು ಹಾಡಬಾರದು ಎನ್ನುವುದರಲ್ಲಿ ಒಂದಾಗಿದ್ದವು. ಸ್ವಂತ ಹಣದಲ್ಲಿ ಗುಡಿ ಕಟ್ಟಿಸಿದಾಕೆಗೇ ಅದರ ಮುಂದೆ ಹಾಡಲು ಜಾಗವಿಲ್ಲ!

ನಾವಾಗಿದ್ದರೆ ಏನು ಮಾಡುತ್ತಿದ್ದೆವು? ಸಿಟ್ಟಾಗಿ ಮದರಾಸಿನ ರೈಲು ಹತ್ತುತ್ತಿದ್ದೆವೇನೋ. ನಾಗರತ್ನಮ್ಮ 1927ರಲ್ಲಿ ಮೂರನೇ ಕಕ್ಷಿಯನ್ನೇ ಹುಟ್ಟುಹಾಕಿದರು, ಹೆಣ್ಣುಮಕ್ಕಳ ಕಕ್ಷಿ. ಮುಂದೆ ಜಾಗ ಕೊಡದಿದ್ದರೆ ಹಿಂದೆ ಎಂದುಕೊಂಡು, ಗುಡಿಯ ಹಿಂಬದಿಯಲ್ಲಿ ಗಾಯಕಿಯರನ್ನು ಸೇರಿಸಿ ಕಛೇರಿ ಶುರು ಮಾಡಿದರು. ಒಂದು ವರ್ಷವಲ್ಲ, ಎರಡು ವರ್ಷವಲ್ಲ, ಹತ್ತು ವರ್ಷಕ್ಕೂ ಮೀರಿ ಅದು ನಡೆಯಿತು. ಕೊನೆಗೆ ಹಿರಿಯರ ಸಂಧಾನದಿಂದ ಮೂರೂ ಕಕ್ಷಿಗಳು ಒಂದಾದವು. 1941ರಿಂದ ಆರಾಧನೆ ಒಂದೇ ಹಬ್ಬವಾಗಿ, ಗಂಡಸರು ಹೆಂಗಸರು ಎಲ್ಲರೂ ಸೇರಿ ನಡೆಸುವಂತಾಯಿತು. ನಾವು ಈಗ ಮೊಬೈಲ್‌ನಲ್ಲಿ ನೋಡುವ ಪಂಚರತ್ನದ ಸಾಮೂಹಿಕ ಗಾಯನ ರೂಪುಗೊಂಡದ್ದು ಆ ಒಗ್ಗಟ್ಟಿನಿಂದ.

ಅವರ ಎಲ್ಲ ನಿಲುವುಗಳನ್ನೂ ಒಪ್ಪಬೇಕೆಂದೇನಿಲ್ಲ. ದೇವದಾಸಿ ಪದ್ಧತಿ ಹೋಗಬೇಕೆಂದು ಮುತ್ತುಲಕ್ಷ್ಮಿ ರೆಡ್ಡಿ ಹೋರಾಡುತ್ತಿದ್ದಾಗ ನಾಗರತ್ನಮ್ಮ ಎದುರು ಪಕ್ಷದಲ್ಲಿದ್ದರು. ಕಾನೂನು ಬಂದರೆ ಆ ಹೆಣ್ಣುಮಕ್ಕಳ ಆಸ್ತಿಯೂ ಕಲೆಯೂ ಕೈತಪ್ಪುತ್ತವೆ ಎಂಬ ಆತಂಕ ಅವರದು. ಪದ್ಧತಿ ಹೋದದ್ದು ಒಳ್ಳೆಯದೇ. ಆದರೆ ಆ ಹೆಣ್ಣುಮಕ್ಕಳ ಮುಂದಿನ ಗತಿ ಏನು ಎಂದು ಕೇಳಿದವರು ಕಡಿಮೆ. ಅವರೊಳಗಿನವರೇ ಆದ್ದರಿಂದ ನಾಗರತ್ನಮ್ಮ ಕೇಳಿದರು.

ಕೊನೆಗಾಲವನ್ನು ಅವರು ತಿರುವೈಯಾರಿನಲ್ಲೇ ಕಳೆದರು. ಆಸ್ತಿಯನ್ನೆಲ್ಲ ಸಮಾಧಿಯ ಸೇವೆಗೆ ಬರೆದಿಟ್ಟರು. ಆ ಉಯಿಲಿನಲ್ಲಿ, ದೇವದಾಸಿಯರೂ ಸೇರಿದಂತೆ ಹೆಣ್ಣುಮಕ್ಕಳಿಗೆ ಅಲ್ಲಿ ಪೂಜಿಸುವ, ಹಾಡುವ ಹಕ್ಕು ಇರಬೇಕು ಎಂದು ಸ್ಪಷ್ಟವಾಗಿ ಬರೆಸಿದರು. ತಾನು ಒಳಗೆ ಬಂದಾಯಿತು, ಇನ್ನು ಬಾಗಿಲು ಯಾರ ಪಾಲಿಗೆ ಹೇಗಿದ್ದರೇನು ಎಂದುಕೊಳ್ಳಲಿಲ್ಲ. 1952ರ ಮೇ ತಿಂಗಳಲ್ಲಿ ಅವರು ತೀರಿಕೊಂಡರು. ಅವರ ಸಮಾಧಿಯೂ ತ್ಯಾಗರಾಜರ ಗುಡಿಯ ಹತ್ತಿರವೇ ಇದೆ. ಅಲ್ಲಿ ಕೈಮುಗಿದು ಕುಳಿತ ಅವರ ಶಿಲಾಮೂರ್ತಿ ಆ ಗುಡಿಯ ಕಡೆಗೇ ಮುಖ ಮಾಡಿದೆ.

ಡಿಗ್ರಿ ಮುಗಿಸಿ ಅರ್ಜಿ ಹಾಕುತ್ತಾ, ಉತ್ತರ ಬಾರದ ಇ-ಮೇಲ್‌ಗಳನ್ನು ಕಾಯುತ್ತಾ ಇರುವ ನನ್ನಂಥವರಿಗೆ ಈ ಬದುಕು ನೌಕರಿಯನ್ನೇನೂ ಕೊಡಿಸುವುದಿಲ್ಲ. ಆದರೆ ಗುಡಿಯ ಹಿಂಬದಿಯಲ್ಲಿ ಅಷ್ಟು ವರ್ಷ ಹಾಡಿದ ಆ ದನಿಗಳನ್ನು ನೆನೆದರೆ ಕಾಯುವುದು ಸ್ವಲ್ಪ ಹಗುರವಾಗುತ್ತದೆ. ಮುಂದಿನ ಪುಷ್ಯ ಬಹುಳ ಪಂಚಮಿಯಂದು ಬಿಡುವಿದ್ದರೆ ನೀವೂ ನೇರಪ್ರಸಾರ ನೋಡಿ. ಶ್ರೀರಾಗ ಮುಗಿಯುವವರೆಗೂ ಇರಿ.