ಮೋಡಿಯ ಗುಟ್ಟು ಬಿಡಿಸಿದ ಡಾಕ್ಟರ್

ನಮ್ಮ ಕಾಲೇಜಿನ ವಾರ್ಷಿಕೋತ್ಸವಕ್ಕೆ ಬಂದಿದ್ದ ಜಾದೂಗಾರನೊಬ್ಬ ನನ್ನ ರೂಮ್‌ಮೇಟ್‌ನನ್ನು ವೇದಿಕೆಗೆ ಕರೆದು ಕಣ್ಣು ಮುಚ್ಚಿಸಿದ. ಐದೇ ನಿಮಿಷ. ತರಗತಿಯಲ್ಲಿ ಹಾಜರಿ ಹೇಳಲೂ ನಾಚುವ ಹುಡುಗ ಮೈಕ್ ಹಿಡಿದು ಹಾಡತೊಡಗಿದ! ಆ ರಾತ್ರಿ ಹಾಸ್ಟೆಲ್‌ನಲ್ಲಿ ಅದೇ ಚರ್ಚೆ. ಜಾದೂಗಾರ ಮನಸ್ಸು ಮಾಡಿದ್ದರೆ ಇವನ ಎಟಿಎಂ ಪಿನ್ ಕೂಡ ಹೇಳಿಸಿಬಿಡುತ್ತಿದ್ದನೇ? ಇದಕ್ಕೆ ಉತ್ತರ ಹುಡುಕುತ್ತಾ ಹೋದಾಗ ಪರಿಚಯವಾದವರು ಜೇಮ್ಸ್ ಬ್ರೇಡ್. ಹಿಪ್ನಾಟಿಸಂ ಎಂಬ ಹೆಸರು ಬಳಕೆಗೆ ಬಂದದ್ದೇ ಇವರಿಂದ.

ಬ್ರೇಡ್ ಹುಟ್ಟಿದ್ದು 1795ರಲ್ಲಿ, ಸ್ಕಾಟ್ಲೆಂಡ್‌ನಲ್ಲಿ. ಎಡಿನ್‌ಬರೊದಲ್ಲಿ ವೈದ್ಯಕೀಯ ಓದಿ, ಲೆಡ್‌ಹಿಲ್ಸ್ ಎಂಬಲ್ಲಿ ಸೀಸದ ಗಣಿ ಕಾರ್ಮಿಕರ ವೈದ್ಯರಾಗಿ ಕೆಲಸ ಆರಂಭಿಸಿದರು. ಮುಂದೆ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ನೆಲೆಸಿ, ತಿರುಚಿದ ಪಾದಗಳನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆಯಲ್ಲಿ ಒಳ್ಳೆಯ ಹೆಸರು ಮಾಡಿದರು. ಮೋಡಿ, ಮಾಯೆಗಳನ್ನು ನಂಬುವ ಜಾಯಮಾನ ಅವರದಾಗಿರಲಿಲ್ಲ.

ಆ ಕಾಲದಲ್ಲಿ ಯುರೋಪಿನ ತುಂಬ ಮೆಸ್ಮರಿಸಂ ಹವಾ. ಜರ್ಮನ್ ವೈದ್ಯ ಮೆಸ್ಮರ್ ಹುಟ್ಟುಹಾಕಿದ್ದ ಸಿದ್ಧಾಂತವದು. ಒಬ್ಬರ ದೇಹದಿಂದ ಇನ್ನೊಬ್ಬರಿಗೆ ಕಾಂತದಂಥ ಅಗೋಚರ ಶಕ್ತಿ ಹರಿಯುತ್ತದೆ ಎಂದು ಅವನ ಅನುಯಾಯಿಗಳು ನಂಬಿದ್ದರು. 1784ರಲ್ಲೇ ಪ್ಯಾರಿಸ್‌ನಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಲಾವೋಸಿಯೆ ಅವರಿದ್ದ ಸಮಿತಿ ಪರೀಕ್ಷೆ ನಡೆಸಿ, ಅಂಥ ಶಕ್ತಿ ಇಲ್ಲ, ಇದೆಲ್ಲ ಕಲ್ಪನೆಯ ಪ್ರಭಾವ ಎಂದಿತ್ತು. ಆದರೂ ಪ್ರದರ್ಶನಗಳು ನಿಂತಿರಲಿಲ್ಲ.

1841ರ ನವೆಂಬರ್‌ನಲ್ಲಿ ಫ್ರಾನ್ಸಿನ ಲಾಫಾಂಟೇನ್ ಇಂಥದ್ದೇ ಪ್ರದರ್ಶನ ನೀಡಲು ಮ್ಯಾಂಚೆಸ್ಟರ್‌ಗೆ ಬಂದ. ಇದರಲ್ಲಿ ಮೋಸ ಇದ್ದೇ ಇರುತ್ತದೆ ಎಂದುಕೊಂಡೇ ಬ್ರೇಡ್ ನೋಡಲು ಹೋದರು. ಆದರೆ ಒಂದು ಸಂಗತಿ ಅವರನ್ನು ಹಿಡಿದು ನಿಲ್ಲಿಸಿತು. ವೇದಿಕೆಯಲ್ಲಿದ್ದ ವ್ಯಕ್ತಿಗೆ ನಿಜವಾಗಿಯೂ ಕಣ್ಣು ತೆರೆಯಲು ಆಗುತ್ತಿರಲಿಲ್ಲ. ನಾಟಕ ಎಂದು ತಳ್ಳಿಹಾಕುವ ಬದಲು ಅವರು ಮತ್ತೆ ಹೋಗಿ ಗಮನಿಸಿದರು. ಒಂದೇ ಕಡೆ ದಿಟ್ಟಿಸಿ ದಿಟ್ಟಿಸಿ ಕಣ್ಣು ದಣಿದದ್ದೇ ಕಾರಣವಿರಬಹುದೇ ಎಂಬ ಅನುಮಾನ ಅವರಿಗೆ ಬಂತು.

ಪ್ರಯೋಗ ನಡೆದದ್ದು ಮನೆಯಲ್ಲೇ. ಪರಿಚಯದ ಯುವಕನೊಬ್ಬನನ್ನು ಕೂರಿಸಿ ಬಾಟಲಿಯೊಂದರ ತುದಿಯನ್ನೇ ನೋಡುತ್ತಿರಲು ಹೇಳಿದರು. ಮೂರೇ ನಿಮಿಷಕ್ಕೆ ಅವನ ರೆಪ್ಪೆ ಮುಚ್ಚಿತು. ನಂತರ ಹೆಂಡತಿಯ ಸರದಿ. ಸಕ್ಕರೆ ಬಟ್ಟಲಿನ ಮೇಲಿದ್ದ ಅಲಂಕಾರವನ್ನು ದಿಟ್ಟಿಸಿದ ಆಕೆಗೂ ಹಾಗೆಯೇ ಆಯಿತು. ಬಾಟಲಿಯಲ್ಲಾಗಲಿ, ಸಕ್ಕರೆ ಬಟ್ಟಲಿನಲ್ಲಾಗಲಿ ಎಂಥ ದಿವ್ಯಶಕ್ತಿ ಇದ್ದೀತು? ಶಕ್ತಿ ಇರುವುದು ನೋಡುವವರ ಏಕಾಗ್ರತೆಯಲ್ಲಿ ಎಂಬ ತೀರ್ಮಾನಕ್ಕೆ ಬ್ರೇಡ್ ಬಂದರು.

ಇದರಿಂದ ಅವರಿಗೆ ಎರಡೂ ಕಡೆಯಿಂದ ಪೆಟ್ಟು. ಗುಟ್ಟು ರಟ್ಟಾಯಿತೆಂದು ಮೆಸ್ಮರ್ ಪಂಥದವರಿಗೆ ಸಿಟ್ಟು. ಇನ್ನೊಂದೆಡೆ ಲಿವರ್‌ಪೂಲ್‌ನ ಪಾದ್ರಿಯೊಬ್ಬರು ಇದು ಸೈತಾನನ ಕೆಲಸ ಎಂದು ಪ್ರವಚನ ಮಾಡಿದರು. 1842ರಲ್ಲಿ ಮ್ಯಾಂಚೆಸ್ಟರ್‌ನಲ್ಲೇ ನಡೆದ ವಿಜ್ಞಾನ ಸಮ್ಮೇಳನ ಅವರ ಪ್ರಬಂಧವನ್ನು ತಿರಸ್ಕರಿಸಿತು. ಬ್ರೇಡ್ ಎದೆಗುಂದಲಿಲ್ಲ. ಪಾದ್ರಿಗೆ ಪುಸ್ತಿಕೆಯಲ್ಲಿ ಉತ್ತರ ಕೊಟ್ಟರು. ಸಮ್ಮೇಳನಕ್ಕೆ ಬಂದವರನ್ನು ಉಚಿತವಾಗಿ ಕರೆದು ತಾವೇ ಪ್ರಯೋಗ ತೋರಿಸಿದರು. 1843ರಲ್ಲಿ ಅವರ ಮುಖ್ಯ ಗ್ರಂಥ ಹೊರಬಂತು.

ಭಾರತದ ಯೋಗಿಗಳ ಬಗ್ಗೆಯೂ ಅವರಿಗೆ ಕುತೂಹಲವಿತ್ತು. ಮಣ್ಣಲ್ಲಿ ಹೂಳಿಸಿಕೊಂಡು ದಿನಗಳ ನಂತರ ಎದ್ದು ಬಂದರೆನ್ನಲಾದ ಫಕೀರರ ವರದಿಗಳನ್ನು ಕಲೆಹಾಕಿ 1850ರಲ್ಲಿ ಪುಟ್ಟ ಪುಸ್ತಕವನ್ನೇ ಬರೆದರು. ಹೊರಗಿನವರ ನೆರವಿಲ್ಲದೆ ಮನುಷ್ಯ ತನ್ನನ್ನು ತಾನೇ ಈ ಸ್ಥಿತಿಗೆ ಒಯ್ಯಬಲ್ಲ ಎಂಬುದಕ್ಕೆ ಅವರಿಗೆ ಅದು ಪುರಾವೆಯಾಗಿ ಕಂಡಿತು.

ಹಿಪ್ನೋಸ್ ಎಂದರೆ ಗ್ರೀಕ್ ಭಾಷೆಯಲ್ಲಿ ನಿದ್ದೆ. ಆದರೆ ಇದು ನಿದ್ದೆಯಲ್ಲ, ಮನಸ್ಸು ಒಂದೇ ವಿಚಾರದಲ್ಲಿ ನೆಲೆನಿಲ್ಲುವ ಸ್ಥಿತಿ ಎಂಬುದು ಬ್ರೇಡ್‌ಗೆ ಬರಬರುತ್ತಾ ಸ್ಪಷ್ಟವಾಯಿತು. ತಾವೇ ಇಟ್ಟ ಹೆಸರನ್ನು ಬದಲಿಸಲು ಹೊರಟರು. ಅಷ್ಟರಲ್ಲಿ ಅದು ಜನರ ಬಾಯಲ್ಲಿ ಗಟ್ಟಿಯಾಗಿತ್ತು. 1860ರಲ್ಲಿ ತೀರಿಕೊಳ್ಳುವವರೆಗೂ ವೈದ್ಯವೃತ್ತಿ ಬಿಡಲಿಲ್ಲ. ಹಿಪ್ನಾಟಿಸಂ ಸರ್ವರೋಗಕ್ಕೂ ಮದ್ದು ಎಂದು ಅವರು ಸಾರಲೂ ಇಲ್ಲ. ಅವರು ಹೋಗಿ 95 ವರ್ಷಗಳ ಬಳಿಕ, 1955ರಲ್ಲಿ, ಬ್ರಿಟಿಷ್ ವೈದ್ಯಕೀಯ ಸಂಘ ಸಮ್ಮೋಹನಕ್ಕೆ ಚಿಕಿತ್ಸೆಯಲ್ಲಿ ಸ್ಥಾನವಿದೆ ಎಂದು ಒಪ್ಪಿತು.

ಇಂದಿನ ಹಿಪ್ನೋಥೆರಪಿ ಕೋಣೆಯಲ್ಲಿ ತೂಗಾಡುವ ಗಡಿಯಾರ ಇರಬೇಕಿಲ್ಲ. ಮೊದಲು ಮಾತುಕತೆ. ನಂತರ ಕುರ್ಚಿಯಲ್ಲಿ ಒರಗಿ, ಉಸಿರಿನತ್ತ ಗಮನ ಕೊಡುತ್ತಾ ಚಿಕಿತ್ಸಕರ ಮಾತು ಕೇಳುವುದು. ಸಾಮಾನ್ಯವಾಗಿ ಎಲ್ಲವೂ ಕೇಳಿಸುತ್ತಿರುತ್ತದೆ, ಬೇಡವೆನಿಸಿದರೆ ಎದ್ದು ಬರಬಹುದು. ಆತಂಕ, ನೋವು ತಗ್ಗಿಸಲು ಇದು ಕೆಲವರಿಗೆ ನೆರವಾಗುತ್ತದೆ. ಎಲ್ಲರಿಗೂ ಒಂದೇ ರೀತಿ ಫಲಿಸದು. ಹೀಗೆ ಹೊರತೆಗೆದ ಹಳೆಯ ನೆನಪುಗಳೆಲ್ಲ ನಿಜವೆಂದು ನಂಬುವಂತೆಯೂ ಇಲ್ಲ.

ಡಿಗ್ರಿ ಮುಗಿದ ಮೇಲೆ ಎರಡು ಸಂದರ್ಶನಗಳಲ್ಲಿ ನನ್ನ ಬಾಯಿ ಕಟ್ಟಿತ್ತು. ಒಂದೇ ಸಿಟ್ಟಿಂಗ್‌ನಲ್ಲಿ ಭಯ ಮಾಯ ಎಂಬ ಜಾಹೀರಾತು ನೋಡಿ ಹಣ ಕಟ್ಟಲು ಹೊರಟವನನ್ನು ತಡೆದದ್ದು ಬ್ರೇಡ್ ಅವರ ಸಕ್ಕರೆ ಬಟ್ಟಲು. ಭಯ ತೀರಾ ಕಾಡಿದರೆ ಅರ್ಹ ಮನೋವೈದ್ಯರು ಅಥವಾ ಮನಶ್ಶಾಸ್ತ್ರಜ್ಞರ ಬಳಿ ಹೋಗೋಣ, ನಾಚಿಕೆ ಬೇಡ. ಆದರೆ ನಮ್ಮ ಮನಸ್ಸಿನ ಕೀಲಿಕೈ ಬೇರೆಯವರ ಜೇಬಿನಲ್ಲಿದೆ ಎಂದುಕೊಂಡು ಹೋಗುವುದು ಬೇಡ.

ಅಂದಹಾಗೆ, ರೂಮ್‌ಮೇಟ್‌ನನ್ನೇ ಕೇಳಿದೆ. ಎಲ್ಲ ಗೊತ್ತಾಗುತ್ತಿತ್ತಂತೆ. ಹಾಡಬೇಕೆಂಬ ಆಸೆ ಮೊದಲಿನಿಂದಲೂ ಇತ್ತಂತೆ. ಪಿನ್ ಮಾತ್ರ ಸತ್ತರೂ ಹೇಳುತ್ತಿರಲಿಲ್ಲವಂತೆ!