ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್

ಸರ್ ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ (3 ಮಾರ್ಚ್ 1829 – 11 ಮಾರ್ಚ್ 1894) ಇಂಗ್ಲೆಂಡಿನ ನ್ಯಾಯವಾದಿ, ನ್ಯಾಯಾಧೀಶ, ಲೇಖಕ ಹಾಗೂ ಕಾನೂನು ಶಾಸ್ತ್ರಜ್ಞರು. 1872ರ ಭಾರತೀಯ ಸಾಕ್ಷ್ಯ ಕಾಯಿದೆಯ ಕರ್ತೃವೆಂದು ಪ್ರಸಿದ್ಧರಾಗಿದ್ದಾರೆ. ನ್ಯಾಯಾಲಯದ ಮುಂದೆ ಯಾವ ಸಂಗತಿಯನ್ನು ತರಬಹುದು, ಅದನ್ನು ಹೇಗೆ ರುಜುವಾತು ಮಾಡಬೇಕು, ರುಜುವಾತಿನ ಹೊಣೆ ಯಾರದು ಎಂಬ ಮೂರು ಪ್ರಶ್ನೆಗಳಿಗೆ ಒಂದೇ ಕಾಯಿದೆಯಲ್ಲಿ ಉತ್ತರ ಒದಗಿಸಿದುದು ಇವರ ಮುಖ್ಯ ಸಾಧನೆ. ಭಾರತದ ಸಿವಿಲ್ ಮತ್ತು ಕ್ರಿಮಿನಲ್ ನ್ಯಾಯಾಲಯಗಳು ಒಂದೂವರೆ ಶತಮಾನ ಈ ಕಾಯಿದೆಯನ್ನು ಅನುಸರಿಸಿದವು.

ಜನನ ಮತ್ತು ವಿದ್ಯಾಭ್ಯಾಸ

ಸ್ಟೀಫನ್ ಲಂಡನ್ನಿನ ಕೆನ್ಸಿಂಗ್ಟನ್‌ನಲ್ಲಿ ಜನಿಸಿದರು. ತಂದೆ ಸರ್ ಜೇಮ್ಸ್ ಸ್ಟೀಫನ್ ವಸಾಹತು ಇಲಾಖೆಯ ಹಿರಿಯ ಅಧಿಕಾರಿ. ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿಯನ್ನು ರದ್ದುಪಡಿಸಿದ 1833ರ ಕಾಯಿದೆಯ ಕರಡನ್ನು ಸಿದ್ಧಪಡಿಸಿದವರು. ತಮ್ಮ ಲೆಸ್ಲಿ ಸ್ಟೀಫನ್ ಖ್ಯಾತ ವಿಮರ್ಶಕ. ಕಾದಂಬರಿಗಾರ್ತಿ ವರ್ಜೀನಿಯಾ ವುಲ್ಫ್ ಲೆಸ್ಲಿಯವರ ಮಗಳು. ಈಟನ್ ಶಾಲೆ, ಲಂಡನ್ನಿನ ಕಿಂಗ್ಸ್ ಕಾಲೇಜು ಮತ್ತು ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜುಗಳಲ್ಲಿ ಓದಿದ ಸ್ಟೀಫನ್ 1854ರಲ್ಲಿ ವಕೀಲಿ ವೃತ್ತಿಯನ್ನು ಪ್ರವೇಶಿಸಿದರು. 1855ರಲ್ಲಿ ಮೇರಿ ರಿಚೆಂಡಾ ಕನ್ನಿಂಗ್‌ಹ್ಯಾಮ್ ಅವರನ್ನು ವಿವಾಹವಾದರು. ವೃತ್ತಿಯ ಜೊತೆಗೆ ‘ಸ್ಯಾಟರ್ಡೇ ರಿವ್ಯೂ’, ‘ಪಾಲ್ ಮಾಲ್ ಗೆಜೆಟ್’ ಪತ್ರಿಕೆಗಳಿಗೆ ಲೇಖನಗಳನ್ನು ಬರೆಯುತ್ತಿದ್ದರು. 1863ರಲ್ಲಿ ಇಂಗ್ಲೆಂಡಿನ ಅಪರಾಧ ಕಾನೂನನ್ನು ಕುರಿತ ಅವರ ಗ್ರಂಥ ಪ್ರಕಟವಾಯಿತು.

ಭಾರತದಲ್ಲಿ

1869ರ ಕೊನೆಯಲ್ಲಿ ಸ್ಟೀಫನ್ ವೈಸ್‌ರಾಯ್ ಮಂಡಲಿಯ ಕಾನೂನು ಸದಸ್ಯರಾಗಿ ಸರ್ ಹೆನ್ರಿ ಮೇಯ್ನ್ ಅವರ ಸ್ಥಾನಕ್ಕೆ ಬಂದರು. ಆಗ ಲಾರ್ಡ್ ಮೇಯೊ ವೈಸ್‌ರಾಯ್ ಆಗಿದ್ದರು. ಸುಮಾರು ಎರಡೂವರೆ ವರ್ಷಗಳ ಅವರ ಸೇವಾವಧಿಯಲ್ಲಿ ಸಾಕ್ಷ್ಯ ಕಾಯಿದೆ, ಕರಾರು ಕಾಯಿದೆ ಮತ್ತು ಪರಿಷ್ಕೃತ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ ಅಂಗೀಕಾರ ಪಡೆದವು. ದಂಡ ಸಂಹಿತೆಗೆ ರಾಜದ್ರೋಹದ 124ಎ ಪ್ರಕರಣ ಸೇರಿದ್ದೂ 1870ರಲ್ಲಿ, ಇವರ ಕಾಲದಲ್ಲಿಯೇ. ಮುಂದೆ ಬಾಲಗಂಗಾಧರ ತಿಲಕ್ ಮತ್ತು ಮಹಾತ್ಮ ಗಾಂಧಿಯವರು ಈ ಪ್ರಕರಣದಡಿ ಶಿಕ್ಷೆಗೊಳಗಾದರು.

ಸಾಕ್ಷ್ಯ ಕಾಯಿದೆಯ ಹಿನ್ನೆಲೆ

ಅಂದಿನ ಭಾರತದಲ್ಲಿ ಸಾಕ್ಷ್ಯದ ನಿಯಮಗಳು ಏಕರೂಪವಾಗಿರಲಿಲ್ಲ. ಕಲ್ಕತ್ತ, ಮದರಾಸು, ಮುಂಬಯಿ ನಗರಗಳ ನ್ಯಾಯಾಲಯಗಳು ಇಂಗ್ಲಿಷ್ ಕಾನೂನನ್ನು ಅನುಸರಿಸುತ್ತಿದ್ದವು. ಜಿಲ್ಲೆ ಮತ್ತು ತಾಲ್ಲೂಕುಗಳ ನ್ಯಾಯಾಲಯಗಳಲ್ಲಿ ಹಳೆಯ ರೂಢಿ, 1855ರ ಒಂದು ಅಪೂರ್ಣ ಕಾಯಿದೆ ಮತ್ತು ಇಂಗ್ಲಿಷ್ ತೀರ್ಪುಗಳ ಅರೆತಿಳಿವಳಿಕೆ ಬೆರೆತುಹೋಗಿದ್ದವು. ಇಂಗ್ಲಿಷ್ ನಿಯಮಗಳು ನೂರಾರು ತೀರ್ಪುಗಳಲ್ಲಿ ಚದುರಿದ್ದರಿಂದ ಗ್ರಂಥಭಂಡಾರವಿಲ್ಲದ ಊರಿನ ಮುನ್ಸೀಫರಿಗೆ ಅವು ಕೈಗೆಟುಕುತ್ತಿರಲಿಲ್ಲ. ಜಮೀನಿನ ವ್ಯಾಜ್ಯದಲ್ಲಿ ಒಂದು ಹಳೆಯ ಪತ್ರವನ್ನು ಸ್ವೀಕರಿಸಬೇಕೆ ಬೇಡವೆ ಎಂಬುದು ಆ ದಿನ ಪೀಠದಲ್ಲಿ ಕುಳಿತವರ ಅಭಿಪ್ರಾಯವನ್ನು ಅವಲಂಬಿಸುತ್ತಿತ್ತು.

ಮೇಯ್ನ್ ಅವರ ಕಾಲದಲ್ಲಿ ಸಿದ್ಧವಾಗಿದ್ದ 1868ರ ಕರಡು ಇಂಗ್ಲಿಷ್ ಕಾನೂನನ್ನು ಮೊದಲೇ ಬಲ್ಲವರಿಗೆ ಮಾತ್ರ ಅರ್ಥವಾಗುವಂತಿತ್ತು. ಸ್ಟೀಫನ್ ಅದನ್ನು ಕೈಬಿಟ್ಟು ಹೊಸದಾಗಿ ಬರೆದರು. ಪಾಟೀಸವಾಲಿನಲ್ಲಿ ಅನುಚಿತ ಪ್ರಶ್ನೆ ಕೇಳುವ ವಕೀಲರನ್ನು ನಿಯಂತ್ರಿಸುವ ಅಂಶಗಳಿಗೆ ವಕೀಲರಿಂದ ವಿರೋಧ ಬಂದಾಗ ಅವನ್ನು ಸಡಿಲಗೊಳಿಸಲಾಯಿತು. 1872ರ ಫೆಬ್ರವರಿಯಲ್ಲಿ ಲಾರ್ಡ್ ಮೇಯೊ ಅಂಡಮಾನಿನಲ್ಲಿ ಹತ್ಯೆಗೀಡಾದರು. ಮರುತಿಂಗಳೇ ಮಸೂದೆಗೆ ಅಂಗೀಕಾರ ದೊರೆತು, ಸೆಪ್ಟೆಂಬರ್ 1ರಿಂದ ಕಾಯಿದೆ ಜಾರಿಗೆ ಬಂತು. ಮುಂಬಯಿ ಪ್ರಾಂತ್ಯದ ಧಾರವಾಡ, ಬೆಳಗಾವಿ ಮತ್ತು ಮದರಾಸು ಪ್ರಾಂತ್ಯದ ಬಳ್ಳಾರಿ, ದಕ್ಷಿಣ ಕನ್ನಡ ಮೊದಲಾದ ಜಿಲ್ಲೆಗಳ ನ್ಯಾಯಾಲಯಗಳೂ ಇದರ ವ್ಯಾಪ್ತಿಗೆ ಬಂದವು.

ಕಾಯಿದೆಯ ಸ್ವರೂಪ

167 ಪ್ರಕರಣಗಳ ಈ ಕಾಯಿದೆಯಲ್ಲಿ ಮೂರು ಭಾಗಗಳಿವೆ: ಸಂಗತಿಗಳ ಸುಸಂಬದ್ಧತೆ, ರುಜುವಾತು, ಸಾಕ್ಷ್ಯದ ಹಾಜರಿ ಮತ್ತು ಪರಿಣಾಮ. ವ್ಯಾಜ್ಯದ ವಿಷಯಕ್ಕೆ ಸಂಬಂಧಿಸಿದ ಸಂಗತಿಗಳನ್ನಷ್ಟೇ ನ್ಯಾಯಾಲಯ ಕೇಳಬೇಕು, ಆ ಸಂಬಂಧ ಯಾವುವೆಂಬುದನ್ನು ಕಾಯಿದೆಯೇ ಹೇಳಬೇಕು ಎಂಬುದು ಸ್ಟೀಫನ್ ಅವರ ಮೂಲ ಸೂತ್ರ. ಅನೇಕ ಪ್ರಕರಣಗಳ ಕೆಳಗೆ ದೃಷ್ಟಾಂತಗಳನ್ನು ಕೊಟ್ಟು, ಕಾನೂನು ಪಂಡಿತರಲ್ಲದವರಿಗೂ ನಿಯಮ ತಿಳಿಯುವಂತೆ ಮಾಡಲಾಗಿದೆ.

ಸಿವಿಲ್ ದಾವೆಗಳಿಗೆ ಮುಖ್ಯವಾದ ಕೆಲವು ನಿಯಮಗಳು ಹೀಗಿವೆ:

• ಒಂದು ಹಕ್ಕನ್ನು ಸಾಧಿಸಬಯಸುವವನು ಅದಕ್ಕೆ ಆಧಾರವಾದ ಸಂಗತಿಗಳನ್ನು ರುಜುವಾತುಪಡಿಸಬೇಕು. ಎರಡೂ ಕಡೆಯವರು ಸಾಕ್ಷ್ಯ ಕೊಡದಿದ್ದರೆ ಸೋಲುವವನ ಮೇಲೆ ಆ ಹೊಣೆ ಇರುತ್ತದೆ.
• ಮೌಖಿಕ ಸಾಕ್ಷ್ಯ ನೇರವಾಗಿರಬೇಕು. ಕಂಡ ಸಂಗತಿಯನ್ನು ಕಂಡವನೇ, ಕೇಳಿದ ಸಂಗತಿಯನ್ನು ಕೇಳಿದವನೇ ಬಂದು ಹೇಳಬೇಕು. ಮೃತಪಟ್ಟವರ ಕೆಲವು ಹೇಳಿಕೆಗಳೇ ಮೊದಲಾದವುಗಳಿಗೆ ವಿನಾಯಿತಿ ಇದೆ.
• ದಸ್ತಾವೇಜಿನ ಮೂಲ ಪ್ರತಿಯನ್ನೇ ಹಾಜರುಪಡಿಸಬೇಕು. ಅದು ಕಳೆದುಹೋಗಿದ್ದರೆ ಅಥವಾ ಎದುರುಪಕ್ಷದ ವಶದಲ್ಲಿದ್ದರೆ ನಕಲನ್ನು ನೀಡಬಹುದು.
• ಮೂವತ್ತು ವರ್ಷಕ್ಕಿಂತ ಹಳೆಯ ಪತ್ರವು ಸಹಜವಾಗಿ ಇರಬೇಕಾದವರ ಸುಪರ್ದಿನಿಂದ ಬಂದಿದ್ದರೆ, ಅದರ ಸಹಿ ಮತ್ತು ಬರಹ ನಿಜವೆಂದು ನ್ಯಾಯಾಲಯ ಭಾವಿಸಬಹುದು.
• ಕ್ರಮವಾಗಿ ಬರೆದಿಟ್ಟ ಲೆಕ್ಕದ ಪುಸ್ತಕ ಸಾಕ್ಷ್ಯವಾಗುತ್ತದೆ. ಆದರೆ ಅದೊಂದರ ಬಲದಿಂದಲೇ ಯಾರ ಮೇಲೂ ಸಾಲ ಹೊರಿಸುವಂತಿಲ್ಲ.
• ಒಂದು ಸಂಗತಿಯ ರುಜುವಾತಿಗೆ ಇಷ್ಟೇ ಸಾಕ್ಷಿಗಳು ಬೇಕೆಂಬ ನಿಯಮವಿಲ್ಲ.

ಸಂಗತಿಯೊಂದು ರುಜುವಾತಾಯಿತು ಎನ್ನಲು ವಿವೇಕಿಯಾದ ಮನುಷ್ಯನು ಅದನ್ನು ನಂಬಿ ವ್ಯವಹರಿಸುವಷ್ಟು ಸಂಭವನೀಯತೆ ಸಾಕು. ಸಿವಿಲ್ ದಾವೆಗಳಲ್ಲಿ ಯಾರ ಕಡೆಗೆ ಸಂಭವನೀಯತೆ ಹೆಚ್ಚೋ ಅವರ ಪರ ತೀರ್ಪು ಕೊಡುವ ಕ್ರಮವನ್ನು ನ್ಯಾಯಾಲಯಗಳು ಬೆಳೆಸಿಕೊಂಡಿವೆ.

ವಿಮರ್ಶೆ

ಸುಸಂಬದ್ಧತೆಯನ್ನು ಕಾರ್ಯಕಾರಣ ಸಂಬಂಧವಾಗಿ ವಿವರಿಸಿದ ಸ್ಟೀಫನ್ ಅವರ ಸಿದ್ಧಾಂತ ಟೀಕೆಗೆ ಗುರಿಯಾಯಿತು. ಅಮೆರಿಕದ ವಿದ್ವಾಂಸ ಜೇಮ್ಸ್ ಬ್ರಾಡ್ಲಿ ಥೇಯರ್, ಸಂಬಂಧವಿದೆಯೇ ಇಲ್ಲವೇ ಎಂಬುದು ತರ್ಕದ ವಿಷಯ, ಸಂಬಂಧವಿದ್ದರೂ ಯಾವುದನ್ನು ಹೊರಗಿಡಬೇಕೆಂಬುದಷ್ಟೇ ಕಾನೂನಿನ ವಿಷಯ ಎಂದು ವಾದಿಸಿದರು.

ಭಾರತದ ಸಾಲಗಾರರಿಗೆ ತಟ್ಟಿದ ತೊಡಕು ಬೇರೆಯದು. ಬರಹದಲ್ಲಿರುವ ಕರಾರಿನ ಷರತ್ತುಗಳನ್ನು ಬಾಯಿಮಾತಿನ ಸಾಕ್ಷ್ಯದಿಂದ ಬದಲಿಸುವಂತಿಲ್ಲ ಎಂಬುದು 92ನೆಯ ಪ್ರಕರಣದ ನಿಯಮ. ಮೋಸ, ಬಲಾತ್ಕಾರ ಮತ್ತು ತಪ್ಪು ತಿಳಿವಳಿಕೆಗೆ ಅಲ್ಲಿ ವಿನಾಯಿತಿ ಇದ್ದರೂ ಅದನ್ನು ರುಜುವಾತುಪಡಿಸುವ ಹೊಣೆ ಅದನ್ನು ಹೇಳುವವನದು. ಓದುಬರಹ ಬಾರದೆ ಹೆಬ್ಬೆಟ್ಟು ಒತ್ತಿದ ರೈತನಿಗೆ ಇದು ಸುಲಭವಾಗಿರಲಿಲ್ಲ. 1875ರಲ್ಲಿ ಪುಣೆ ಮತ್ತು ಅಹಮದ್‌ನಗರ ಜಿಲ್ಲೆಗಳ ರೈತರು ದಂಗೆ ಎದ್ದು ಸಾಹುಕಾರರ ಸಾಲಪತ್ರಗಳನ್ನು ಕಿತ್ತುಕೊಂಡು ಸುಟ್ಟರು. ಆ ದಂಗೆಗೆ ಕಂದಾಯದ ಭಾರ, ಹತ್ತಿಯ ಬೆಲೆಯ ಕುಸಿತ ಮೊದಲಾದ ಬೇರೆ ಕಾರಣಗಳೂ ಇದ್ದವು. ಆದರೆ ನ್ಯಾಯಾಲಯದಲ್ಲಿ ಪತ್ರಕ್ಕಿದ್ದ ಬಲವನ್ನು ರೈತರು ಚೆನ್ನಾಗಿ ಬಲ್ಲವರಾಗಿದ್ದರು. 1879ರ ದಖ್ಖನ್ ಕೃಷಿಕರ ಪರಿಹಾರ ಕಾಯಿದೆಯು ಪತ್ರದಲ್ಲಿರುವ ಮೊತ್ತಕ್ಕೆ ನಿಲ್ಲದೆ ಸಾಲದ ವ್ಯವಹಾರವನ್ನು ಆರಂಭದಿಂದಲೂ ವಿಚಾರಿಸಲು ನ್ಯಾಯಾಲಯಗಳಿಗೆ ಅವಕಾಶ ನೀಡಿತು.

ಇಂಗ್ಲೆಂಡಿನಲ್ಲಿ

1872ರಲ್ಲಿ ಸ್ವದೇಶಕ್ಕೆ ಮರಳಿದ ಸ್ಟೀಫನ್ ಮುಂದಿನ ವರ್ಷ ಜಾನ್ ಸ್ಟುವರ್ಟ್ ಮಿಲ್ ಅವರ ಸ್ವಾತಂತ್ರ್ಯ ಸಿದ್ಧಾಂತವನ್ನು ವಿರೋಧಿಸುವ ‘ಲಿಬರ್ಟಿ, ಈಕ್ವಾಲಿಟಿ, ಫ್ರೆಟರ್ನಿಟಿ’ ಗ್ರಂಥವನ್ನು ಪ್ರಕಟಿಸಿದರು. ಇಂಗ್ಲೆಂಡಿಗಾಗಿ ಅವರು ಸಿದ್ಧಪಡಿಸಿದ ಸಾಕ್ಷ್ಯ ಮಸೂದೆ ಕಾಯಿದೆಯಾಗಲಿಲ್ಲ. ಆ ಶ್ರಮದ ಫಲ 1876ರಲ್ಲಿ ಸಾಕ್ಷ್ಯ ಕಾನೂನಿನ ಸಂಗ್ರಹ ಗ್ರಂಥವಾಗಿ ಹೊರಬಂತು. 1879ರಲ್ಲಿ ಅವರು ಹೈಕೋರ್ಟಿನ ನ್ಯಾಯಾಧೀಶರಾದರು. ಅವರ ಅಪರಾಧ ಸಂಹಿತೆಯ ಕರಡನ್ನು ಇಂಗ್ಲೆಂಡ್ ಅಂಗೀಕರಿಸಲಿಲ್ಲ, ಆದರೆ ಕೆನಡಾ ಮತ್ತು ನ್ಯೂಜಿಲೆಂಡಿನ ಸಂಹಿತೆಗಳ ಮೇಲೆ ಅದು ಪ್ರಭಾವ ಬೀರಿತು. 1883ರಲ್ಲಿ ಇಂಗ್ಲೆಂಡಿನ ಅಪರಾಧ ಕಾನೂನಿನ ಇತಿಹಾಸವನ್ನು ಮೂರು ಸಂಪುಟಗಳಲ್ಲಿ ಪ್ರಕಟಿಸಿದರು. ಭಾರತೀಯ ನ್ಯಾಯಾಧೀಶರಿಗೆ ಐರೋಪ್ಯರನ್ನು ವಿಚಾರಿಸುವ ಅಧಿಕಾರ ನೀಡಬಯಸಿದ ಇಲ್ಬರ್ಟ್ ಮಸೂದೆಯನ್ನು ಅದೇ ವರ್ಷ ಬಲವಾಗಿ ವಿರೋಧಿಸಿದರು.

1889ರಲ್ಲಿ ಲಿವರ್‌ಪೂಲ್‌ನಲ್ಲಿ ಗಂಡನಿಗೆ ವಿಷವಿಕ್ಕಿದ ಆರೋಪ ಹೊತ್ತ ಫ್ಲಾರೆನ್ಸ್ ಮೇಬ್ರಿಕ್ ಅವರ ವಿಚಾರಣೆ ಸ್ಟೀಫನ್ ಅವರ ಮುಂದೆ ನಡೆಯಿತು. ಸಾಕ್ಷ್ಯವನ್ನು ಜ್ಯೂರಿಗೆ ವಿವರಿಸುವಾಗ ಅವರು ಪಕ್ಷಪಾತ ತೋರಿದರೆಂಬ ಟೀಕೆ ಎದ್ದಿತು. ಮರಣದಂಡನೆ ಜೀವಾವಧಿ ಶಿಕ್ಷೆಯಾಗಿ ಮಾರ್ಪಟ್ಟಿತು. ಅನಾರೋಗ್ಯ ಹೆಚ್ಚಿದುದರಿಂದ 1891ರಲ್ಲಿ ರಾಜೀನಾಮೆ ನೀಡಿದ ಸ್ಟೀಫನ್ 1894ರಲ್ಲಿ ಇಪ್ಸ್‌ವಿಚ್‌ನಲ್ಲಿ ನಿಧನರಾದರು. ಅವರ ಮಗ ಹ್ಯಾರಿ ಲಷಿಂಗ್ಟನ್ ಸ್ಟೀಫನ್ ಮುಂದೆ ಕಲ್ಕತ್ತ ಹೈಕೋರ್ಟಿನ ನ್ಯಾಯಾಧೀಶರಾದರು.

ಪ್ರಭಾವ

ಶ್ರೀಲಂಕಾ, ಮಲೇಷ್ಯಾ, ಸಿಂಗಪುರ ಮೊದಲಾದ ದೇಶಗಳ ಸಾಕ್ಷ್ಯ ಕಾನೂನುಗಳಿಗೆ 1872ರ ಕಾಯಿದೆ ಮಾದರಿಯಾಯಿತು. ಭಾರತದಲ್ಲಿ 2000ದಲ್ಲಿ ವಿದ್ಯುನ್ಮಾನ ದಾಖಲೆಗಳಿಗೆ ಸಂಬಂಧಿಸಿದ ನಿಯಮಗಳು ಅದಕ್ಕೆ ಸೇರಿದವು. 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023 ಬಂದಿದೆ. ಹೊಸ ಅಧಿನಿಯಮದಲ್ಲಿ 170 ಪ್ರಕರಣಗಳಿದ್ದು, ಹಲವು ಬದಲಾವಣೆಗಳ ನಡುವೆಯೂ ಸುಸಂಬದ್ಧತೆ, ರುಜುವಾತು ಮತ್ತು ರುಜುವಾತಿನ ಹೊಣೆ ಎಂಬ ಸ್ಟೀಫನ್ ಅವರ ವಿಂಗಡಣೆಯೇ ಬಹುಮಟ್ಟಿಗೆ ಉಳಿದುಕೊಂಡಿದೆ.