ಹತ್ತಿಯಿಂದ ಉಕ್ಕಿನವರೆಗೆ: ಜಮ್ಷೆಟ್‌ಜಿ ಟಾಟಾ ಏರಿದ ಮೆಟ್ಟಿಲುಗಳು

19ನೇ ಶತಮಾನದಲ್ಲಿ ಮುಂಬೈ ಬಂದರಿನಿಂದ ಹತ್ತಿಯ ಮೂಟೆಗಳು ಇಂಗ್ಲೆಂಡಿಗೆ ಹೊರಡುತ್ತಿದ್ದವು. ಅಲ್ಲಿನ ಲ್ಯಾಂಕಾಶೈರ್ ಗಿರಣಿಗಳಲ್ಲಿ ತಯಾರಾದ ಬಟ್ಟೆ ಮತ್ತೆ ನಮ್ಮ ಪೇಟೆಗೇ ಬರುತ್ತಿತ್ತು. ಬೆಳೆದವನಿಗೆ ಕಾಸು, ನೇಯ್ದವನಿಗೆ ರೂಪಾಯಿ. ಇಂದು ಅರ್ಥಶಾಸ್ತ್ರಜ್ಞರು ಜಾಗತಿಕ ಮೌಲ್ಯ ಸರಪಳಿ ಎಂದು ಕರೆಯುವ ಈ ಲೆಕ್ಕಾಚಾರವನ್ನು ಅಂದೇ ಅರಿತಿದ್ದವರು ಜಮ್ಷೆಟ್‌ಜಿ ಟಾಟಾ.

1839ರ ಮಾರ್ಚ್ 3ರಂದು ಗುಜರಾತಿನ ನವಸಾರಿಯ ಪಾರ್ಸಿ ಕುಟುಂಬದಲ್ಲಿ ಜನಿಸಿದ ಅವರು, ಮುಂಬೈನ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ ತಂದೆಯ ವ್ಯಾಪಾರಕ್ಕೆ ಸೇರಿದರು. ಅಮೆರಿಕದ ಅಂತರ್ಯುದ್ಧದಿಂದಾಗಿ ಗಗನಕ್ಕೇರಿದ್ದ ಹತ್ತಿಯ ಬೆಲೆ 1865ರಲ್ಲಿ ಯುದ್ಧ ಮುಗಿಯುತ್ತಿದ್ದಂತೆ ನೆಲಕಚ್ಚಿತು. ಮುಂಬೈನ ಅನೇಕ ವ್ಯಾಪಾರಿಗಳ ಜೊತೆ ಟಾಟಾ ಕುಟುಂಬವೂ ಭಾರಿ ನಷ್ಟ ಅನುಭವಿಸಿತು. ಬರೀ ಕಚ್ಚಾ ಮಾಲು ಮಾರುವವನ ಹಣೆಬರಹ ದೂರದ ದೇಶದ ಕೈಯಲ್ಲಿರುತ್ತದೆ ಎಂಬುದಕ್ಕೆ ಇದಕ್ಕಿಂತ ಪಾಠ ಬೇಕಿರಲಿಲ್ಲ.

1877ರ ಜನವರಿ 1ರಂದು ಅವರ ಎಂಪ್ರೆಸ್ ಮಿಲ್ ಆರಂಭವಾದದ್ದು ಮುಂಬೈನಲ್ಲಲ್ಲ, ನಾಗಪುರದಲ್ಲಿ. ಹತ್ತಿ ಬೆಳೆಯುವ ನಾಡು ಅದು, ಕಲ್ಲಿದ್ದಲೂ ಹತ್ತಿರ. ಜೌಗು ನೆಲ ತುಂಬಿಸುವುದು ಮಣ್ಣಿಗೆ ಚಿನ್ನ ಸುರಿದಂತೆ ಎಂದು ಸ್ಥಳೀಯ ಲೇವಾದೇವಿಗಾರನೊಬ್ಬ ಸಾಲ ನಿರಾಕರಿಸಿದನಂತೆ. ಆದರೆ ಗಿರಣಿ ಲಾಭ ತಂದಿತು. ಆಗಿನ್ನೂ ಹೊಸದಾಗಿದ್ದ ರಿಂಗ್ ಸ್ಪಿಂಡಲ್ ಯಂತ್ರಗಳನ್ನು ಅಳವಡಿಸಿದ ಅವರು, ಕಾರ್ಮಿಕರಿಗೆ ಪಿಂಚಣಿ ಮತ್ತು ಭವಿಷ್ಯನಿಧಿಯ ವ್ಯವಸ್ಥೆಯನ್ನೂ ಮಾಡಿದರು.

ಒರಟು ನೂಲಿಗೇ ತೃಪ್ತರಾಗದ ಅವರು 1886ರಲ್ಲಿ ಮುಂಬೈನ ಕುರ್ಲಾದಲ್ಲಿ ಸೊರಗಿದ್ದ ಗಿರಣಿಯೊಂದನ್ನು ಕೊಂಡು ಸ್ವದೇಶಿ ಮಿಲ್ ಎಂದು ಹೆಸರಿಟ್ಟರು. ನಯವಾದ ನೂಲು ತೆಗೆಯುವುದು ಗುರಿ. ಅದಕ್ಕೆ ಬೇಕಾದ ಉದ್ದ ಎಳೆಯ ಈಜಿಪ್ಟ್ ಹತ್ತಿಯನ್ನು ಭಾರತದಲ್ಲೇ ಬೆಳೆಸಲೂ ಯತ್ನಿಸಿದರು. ಬೆಂಗಳೂರಿನಲ್ಲಿ ಜಪಾನಿನ ವಿಧಾನದ ರೇಷ್ಮೆ ಕೃಷಿಗೆ ಕೇಂದ್ರ ತೆರೆದರು. ಬಸವನಗುಡಿ ಬಳಿಯ ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಅದರದೇ ನೆನಪು.

ಎಲ್ಲವೂ ಕೈಗೂಡಲಿಲ್ಲ. ಚೀನಾ, ಜಪಾನಿಗೆ ನೂಲು ಸಾಗಿಸಲು ಬ್ರಿಟಿಷ್ ಹಡಗು ಕಂಪನಿ ಪಿ ಅಂಡ್ ಒ ವಿಧಿಸುತ್ತಿದ್ದ ದರ ಲಾಭವನ್ನೇ ನುಂಗುತ್ತಿತ್ತು. 1893ರಲ್ಲಿ ಜಪಾನಿನ ನಿಪ್ಪಾನ್ ಯೂಸೆನ್ ಕೈಶಾ ಜೊತೆಗೂಡಿ ಟಾಟಾ ಹಡಗು ಸೇವೆ ಆರಂಭಿಸಿದರು. ಪಿ ಅಂಡ್ ಒ ದರವನ್ನು ಪಾತಾಳಕ್ಕಿಳಿಸಿತು. ಅಗ್ಗದ ಆಸೆಗೆ ಸ್ವದೇಶಿ ವ್ಯಾಪಾರಿಗಳೇ ಕೈಬಿಟ್ಟರು, ಟಾಟಾ ಸೇವೆ ನಿಂತುಹೋಯಿತು. ಮಾಲು ತಯಾರಿಸಿದರೆ ಸಾಲದು, ಸಾಗಾಟದ ಹಿಡಿತ ಯಾರದ್ದು ಎಂಬುದೂ ಮುಖ್ಯ ಎಂದು ಆ ಸೋಲು ತೋರಿಸಿತು.

ಯಂತ್ರಕ್ಕೆ ಉಕ್ಕು ಬೇಕು, ಉಕ್ಕಿಗೆ ವಿಜ್ಞಾನ ಬೇಕು. ಅದಕ್ಕಾಗಿ 1902ರಲ್ಲಿ ಅವರು ಅಮೆರಿಕಕ್ಕೆ ಹೋಗಿ ಉಕ್ಕಿನ ತಜ್ಞರನ್ನು ಕಂಡರು. ವಿಜ್ಞಾನ ಸಂಸ್ಥೆಗಾಗಿ ತಮ್ಮ ಆಸ್ತಿಯ ದೊಡ್ಡ ಪಾಲನ್ನೇ ಮೀಸಲಿಟ್ಟರು. ಆದರೆ ಎರಡನ್ನೂ ಕಣ್ಣಾರೆ ಕಾಣಲಿಲ್ಲ. 1904ರ ಮೇ 19ರಂದು ಜರ್ಮನಿಯಲ್ಲಿ ಕೊನೆಯುಸಿರೆಳೆದರು.

ಉಳಿದದ್ದನ್ನು ಮಕ್ಕಳು ಮತ್ತು ಸಹಚರರು ಪೂರೈಸಿದರು. ಲಂಡನ್ನಿನಲ್ಲಿ ಸಿಗದ ಬಂಡವಾಳವನ್ನು 1907ರಲ್ಲಿ ಸುಮಾರು 8,000 ಭಾರತೀಯರು ಮೂರೇ ವಾರಗಳಲ್ಲಿ ಒದಗಿಸಿದರು. 1912ರಲ್ಲಿ ಇಂದಿನ ಜಮ್ಷೆಡ್‌ಪುರದಲ್ಲಿ ಉಕ್ಕು ಹೊರಬಂತು. ಮೈಸೂರು ಸಂಸ್ಥಾನ 371 ಎಕರೆ ಭೂಮಿ ನೀಡಿದ್ದರಿಂದ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ 1909ರಲ್ಲಿ ಸ್ಥಾಪನೆಯಾಯಿತು. ಬೆಂಗಳೂರಿನ ಜನ ಅದನ್ನು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ.

ವಿದೇಶಿ ಕಂಪನಿಗಳ ಬಿಡಿಭಾಗ ಜೋಡಿಸುವ ಕಾರ್ಖಾನೆಗಳು ಇಂದು ನಮ್ಮಲ್ಲಿ ಹೆಚ್ಚುತ್ತಿವೆ. ಅದು ಮೊದಲ ಮೆಟ್ಟಿಲು ಮಾತ್ರ. ಮುಂದಿನ ಮೆಟ್ಟಿಲು ಕಲಿಕೆಯದ್ದು ಎಂಬುದನ್ನು ಈ ಹತ್ತಿ ವ್ಯಾಪಾರಿ ನೂರಿಪ್ಪತ್ತು ವರ್ಷಗಳ ಹಿಂದೆಯೇ ತೋರಿಸಿಕೊಟ್ಟಿದ್ದಾರೆ.